ಉಬ್ಬರದ ಹೊತ್ತು, ಬಲೆಯ ಹೊತ್ತು

ನಿಡಗುಂದಿಯವನೊಬ್ಬನು ಸಮುದ್ರದ ಉಬ್ಬರವಿಳಿತವನ್ನು ಕುರಿತು ಮಾತನಾಡಹೊರಟರೆ ಕೇಳುವವರಿಗೆ ಕೊಂಚ ವಿನೋದವೆನಿಸಬಹುದು. ನಮ್ಮೂರಿನಿಂದ ಕಡಲು ಇನ್ನೂರು ಕಿಲೋಮೀಟರಿಗೂ ಮೀರಿದ ದೂರದಲ್ಲಿದೆ. ನಡುವೆ ಸಹ್ಯಾದ್ರಿಯ ಗೋಡೆ ಬೇರೆ. ಎರೆಮಣ್ಣು, ಬಿಳಿಜೋಳ, ಬಿಸಿಲು ಇವುಗಳ ನಡುವೆ ಬೆಳೆದವನಿಗೆ ಉಪ್ಪುನೀರಿನ ಗೊಡವೆ ಏಕೆ ಎಂದು ನೀವು ಕೇಳಿದರೆ ತಪ್ಪಲ್ಲ. ಆದರೆ ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟವನು ನಮ್ಮೂರಿನ ಹುಡುಗನೇ. ಮಲ್ಪೆಯ ಬಂದರಿನಲ್ಲಿ ಕೆಲವು ವರ್ಷ ದುಡಿದು ಹಿಂತಿರುಗಿ, ಆಲಮಟ್ಟಿಯ ಹಿನ್ನೀರಿನಲ್ಲಿ ಬಲೆ ಹಾಕಲು ತೊಡಗಿದ್ದ ಅವನು ಒಂದು ಸಂಜೆ ಮನೆಗೆ ಬಂದು ಕೇಳಿದನು: “ಮಾಸ್ತರ, ಹುಣ್ಣಿವಿಗೆ ನಮ್ಮ ಹಿನ್ನೀರಿಗೂ ಉಬ್ಬರ ಬರ್ತೈತೇನ್ರಿ? ಅಲ್ಲಿ ಅದನ್ನ ನೋಡೇ ದೋಣಿ ಬಿಡ್ತಿದ್ರು.”

ಉತ್ತರವನ್ನು ಒಂದೇ ಮಾತಿನಲ್ಲಿ ಹೇಳಬಹುದಾಗಿತ್ತು. ಆದರೆ ಅವನು ಕೇಳಿದ್ದು ಬರಿಯ ಕುತೂಹಲದಿಂದಲ್ಲ. ಬಲೆಗೆ ಹೊರಡುವ ಹೊತ್ತನ್ನು ಗೊತ್ತುಮಾಡಿಕೊಳ್ಳುವುದಕ್ಕಾಗಿ. ಹೊತ್ತು ತಪ್ಪಿದರೆ ನೀರು ಏನು ಮಾಡೀತೆಂಬುದನ್ನು ನಾನು ಒಮ್ಮೆ ಕಣ್ಣಾರೆ ಕಂಡವನು. ಮೊದಲು ಅದನ್ನು ಹೇಳಿಬಿಡುತ್ತೇನೆ.

1979ರಲ್ಲಿ ನಾನು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆಯ ದಂಡೆಯ ಒಂದು ಹಳ್ಳಿಗೆ ಶಾಲಾಮಾಸ್ತರನಾಗಿ ಹೋದೆ. ಅಲ್ಲಿಯವರೆಗೆ ನಾನು ಕಂಡ ಹೊಳೆಯೆಂದರೆ ಕೃಷ್ಣೆ. ಯಲಗೂರಿನ ಹನುಮಂತದೇವರ ದರ್ಶನಕ್ಕೆ ಹೋದಾಗಲೆಲ್ಲ ಅದರಲ್ಲಿ ಈಸಿದವನು. ಹೊಳೆಗೆ ಒಂದು ದಿಕ್ಕಿದೆ, ಅದು ಪಡುವಲಿಂದ ಮೂಡಲಿಗೆ ಹರಿಯುತ್ತದೆ, ಮಳೆಗಾಲದಲ್ಲಿ ತುಂಬುತ್ತದೆ, ಬೇಸಿಗೆಯಲ್ಲಿ ಬಡವಾಗುತ್ತದೆ. ನನ್ನ ಜಲವಿದ್ಯೆ ಇಷ್ಟೇ. ಅಘನಾಶಿನಿಯ ದಂಡೆಯಲ್ಲಿ ನಿಂತ ಮೊದಲ ದಿನ ಬೆಳಿಗ್ಗೆ ಕಡಲಿನತ್ತ ತೇಲಿಹೋಗುತ್ತಿದ್ದ ತೆಂಗಿನ ಸೋಗೆಯೊಂದನ್ನು ಕಂಡೆ. ಮಧ್ಯಾಹ್ನ ಅದೇ ಸೋಗೆ ಘಟ್ಟದತ್ತ ತೇಲಿಬರುತ್ತಿತ್ತು. ಹೊಳೆ ಹಿಮ್ಮುಖವಾಗಿ ಹರಿಯುವುದನ್ನು ಕಂಡು ನಾನು ಬೆಪ್ಪನಾದುದನ್ನು ನನ್ನ ವಿದ್ಯಾರ್ಥಿಗಳು ಬಹಳ ದಿನ ನೆನೆದು ನಕ್ಕರು.

ಮರುವರ್ಷ ಹೋಳಿಹುಣ್ಣಿಮೆ ಕಳೆದ ಎರಡನೆಯ ದಿನ. ಹೊಳೆಯ ನಡುವೆ ಇಳಿತದಲ್ಲಿ ಎದ್ದು ಕಾಣುವ ಮರಳದಿಬ್ಬವೊಂದಿತ್ತು. ಅಲ್ಲಿ ಬೆಳಚು ಹೆಕ್ಕಲು ಊರಿನ ಹೆಂಗಸರು ಹೋಗುತ್ತಿದ್ದರು. ನಾನೂ ನೋಡಬೇಕೆಂಬ ಆಸೆಯಿಂದ, ಹನ್ನೆರಡು ವರ್ಷದ ನನ್ನ ಶಿಷ್ಯನೊಬ್ಬನನ್ನು ಕರೆದುಕೊಂಡು, ಬೆಳಗಿನ ಆರು ಗಂಟೆಗೆ ಮೊಣಕಾಲುದ್ದದ ನೀರು ದಾಟಿ ದಿಬ್ಬವನ್ನೇರಿದೆ. ನಾನು ಅವಿವೇಕಿಯೇನೂ ಆಗಿರಲಿಲ್ಲವೆಂದು ತೋರಿಸಲು ಇದನ್ನು ಹೇಳಬೇಕು: ನೀರಿನ ಅಂಚಿನಲ್ಲಿ ಒಂದು ಕೋಲನ್ನು ನೆಟ್ಟು ಗುರುತು ಮಾಡಿದೆ. ಒಂದು ತಾಸಿನ ಮೇಲೆ ನೋಡಿದರೆ ನೀರು ಏರಿದ್ದು ಅರ್ಧ ಗೇಣಿಗಿಂತ ತುಸು ಹೆಚ್ಚು, ಅಷ್ಟೆ. ತಾಸಿಗೆ ಅರ್ಧ ಗೇಣಾದರೆ ಹತ್ತು ಗಂಟೆಯವರೆಗೆ ಎರಡು ಗೇಣು. ದಾಟುವುದಕ್ಕೆ ಏನು ಭಯ? ಹೀಗೆ ತ್ರೈರಾಶಿಯ ಲೆಕ್ಕ ಹಾಕಿದೆ. ಹುಡುಗನು ಎರಡು ಸಲ “ಹೋಗೋಣ ಮಾಸ್ತರೆ” ಎಂದ. ನಾನು ಮಾಸ್ತರನಲ್ಲವೆ? ಕೋಲನ್ನು ತೋರಿಸಿ ಅವನ ಬಾಯಿ ಮುಚ್ಚಿಸಿದೆ. ಹೆಂಗಸರು ಬುಟ್ಟಿ ಹೊತ್ತು ದಾಟಿಹೋದದ್ದನ್ನು ಕಂಡರೂ ನನಗೆ ಬುದ್ಧಿ ಬರಲಿಲ್ಲ.

ಎಂಟೂವರೆಯ ಹೊತ್ತಿಗೆ ನನ್ನ ಕೋಲು ಕಾಣದಾಗಿತ್ತು. ನಾವು ದಾಟಿಬಂದ ಕಾಲುವೆಯಲ್ಲಿ ನೀರು ನನ್ನ ಎದೆಮಟ್ಟಕ್ಕೆ ಏರಿ, ಘಟ್ಟದತ್ತ ಮುಖಮಾಡಿ ಓಡುತ್ತಿತ್ತು. ಎದೆಮಟ್ಟವೆಂದರೆ ಹುಡುಗನಿಗೆ ಆಳು ಮುಳುಗುವ ನೀರು. ಅವನನ್ನು ಹೆಗಲಿಗೇರಿಸಿಕೊಂಡು ನಾಲ್ಕು ಹೆಜ್ಜೆ ಇಟ್ಟವನು, ಕಾಲಡಿಯ ಮರಳು ಜಾರಿದಂತಾಗಿ ಹಿಂದಕ್ಕೆ ಬಂದೆ. ದಿಬ್ಬವು ನಮ್ಮ ಸುತ್ತ ಕುಗ್ಗುತ್ತಿತ್ತು. ದಂಡೆಯ ಮೇಲಿದ್ದ ಒಬ್ಬಾಕೆ ಕೂಗಿ ಕರೆದುದರಿಂದ ಮುದುಕನೊಬ್ಬ ಪಾತಿದೋಣಿಯನ್ನು ತಂದು ನಮ್ಮನ್ನು ಹತ್ತಿಸಿಕೊಂಡ. ಅವನು ಬೈಯಲಿಲ್ಲ, ಬೈದಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತು. ಹುಟ್ಟು ಹಾಕುತ್ತ ಹೇಳಿದ್ದಿಷ್ಟು: “ಮೊದಲ ತಾಸು ನೀರು ಮೈಮುರಿದು ಏಳುತ್ತದೆ ಮಾಸ್ತರೆ. ಮೂರನೇ ತಾಸಿಗೆ ಓಡುತ್ತದೆ.”

ಆ ಒಂದು ಮಾತು ನನ್ನ ತ್ರೈರಾಶಿಯ ತಪ್ಪನ್ನು ಬಯಲು ಮಾಡಿತು. ಇಳಿತದ ತುದಿಯಿಂದ ಉಬ್ಬರದ ತುದಿಗೆ ಸುಮಾರು ಆರು ತಾಸು. ಆದರೆ ನೀರು ಈ ಆರು ತಾಸುಗಳಲ್ಲಿ ಸಮನಾಗಿ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ, ಮೊದಲ ತಾಸಿಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು, ನಾಲ್ಕನೆಯದಕ್ಕೂ ಮೂರು, ಐದನೆಯದಕ್ಕೆ ಎರಡು, ಆರನೆಯದಕ್ಕೆ ಮತ್ತೆ ಒಂದು ಎಂದು ನಾವಿಕರು ಸ್ಥೂಲವಾಗಿ ಲೆಕ್ಕ ಹಿಡಿಯುತ್ತಾರೆ. ಅಂದಿನ ಏರಿಕೆ 160 ಸೆಂಟಿಮೀಟರ್ ಎಂದು ಹಿಡಿಯೋಣ. ಮೊದಲ ತಾಸಿಗೆ 13 ಸೆಂಟಿಮೀಟರ್, ಎರಡನೆಯದಕ್ಕೆ 27, ಮೂರನೆಯ ಮತ್ತು ನಾಲ್ಕನೆಯ ತಾಸುಗಳಿಗೆ ತಲಾ 40. ನಾನು 13ನ್ನು ಅಳೆದು 40ನ್ನು ದಾಟಲು ಹೊರಟಿದ್ದೆ. ಇಳಿಯುವಾಗಲೂ ಇದೇ ಕ್ರಮ. ಉಯ್ಯಾಲೆಯನ್ನು ನೆನೆದುಕೊಳ್ಳಿರಿ: ಎರಡು ತುದಿಗಳಲ್ಲಿ ಅದು ತಡೆದು ನಿಂತಂತೆ ತೋರುತ್ತದೆ, ನಡುವೆ ರಭಸವಾಗಿ ಹಾಯುತ್ತದೆ.

ಬಯಲುಸೀಮೆಯವರು ಹೀಗೆ ಮೋಸಹೋದದ್ದು ನನ್ನಿಂದಲೇ ಮೊದಲಾದುದಲ್ಲವೆಂಬುದು ಒಂದು ಸಮಾಧಾನ. ಕ್ರಿಸ್ತಪೂರ್ವ 325ರಲ್ಲಿ ಅಲೆಕ್ಸಾಂಡರನ ಹಡಗುಪಡೆ ಸಿಂಧೂನದಿಯ ಮುಖಕ್ಕೆ ಬಂದಾಗ, ಇಳಿತದಲ್ಲಿ ಹಡಗುಗಳು ಕೆಸರಿನ ಮೇಲೆ ಕುಳಿತುಬಿಟ್ಟವು; ನೀರು ಮರಳಿ ನುಗ್ಗಿದಾಗ ಹಲವು ಒಂದಕ್ಕೊಂದು ಬಡಿದು ಒಡೆದವು ಎಂದು ಇತಿಹಾಸಕಾರ ಅರಿಯನ್ ಬರೆದಿದ್ದಾನೆ. ಅವರ ಮೆಡಿಟರೇನಿಯನ್ ಸಮುದ್ರದಲ್ಲಿ ಉಬ್ಬರವು ಬಹುಮಟ್ಟಿಗೆ ಹೆಸರಿಗೆ ಮಾತ್ರ. ಜಗತ್ತನ್ನು ಗೆಲ್ಲಹೊರಟವರಿಗೂ ಈ ಪಾಠವಾಗಿರಲಿಲ್ಲ.

ಈಗ ಹುಡುಗನ ಪ್ರಶ್ನೆಯ ಬುಡಕ್ಕೆ ಬರೋಣ. ಚಂದ್ರನು ನೀರನ್ನು ಎಳೆಯುವುದರಿಂದ ಉಬ್ಬರವುಂಟಾಗುತ್ತದೆ ಎಂದು ಶಾಲೆಯ ಪುಸ್ತಕಗಳು ಹೇಳುತ್ತವೆ. ಅದು ಅರ್ಧ ಸತ್ಯ. ಹಾಗಿದ್ದರೆ ಚಂದ್ರನಿರುವ ಕಡೆಗೆ ಮಾತ್ರ ನೀರು ಉಬ್ಬಬೇಕಿತ್ತು. ದಿನಕ್ಕೆ ಒಂದೇ ಉಬ್ಬರವಾಗಬೇಕಿತ್ತು. ನಮ್ಮ ಕರಾವಳಿಯಲ್ಲಿ ಎರಡಾಗುತ್ತವಲ್ಲ? 1687ರಲ್ಲಿ ನ್ಯೂಟನ್ ತನ್ನ ‘ಪ್ರಿನ್ಸಿಪಿಯ’ದಲ್ಲಿ ಇದರ ಗುಟ್ಟನ್ನು ಬಿಡಿಸಿದನು. ಮೂವರು ಹುಡುಗರು ಒಂದೇ ಸಾಲಿನಲ್ಲಿ ಓಡುತ್ತಿದ್ದಾರೆನ್ನಿ. ಮುಂದಿನವನ ವೇಗ ಹೆಚ್ಚು, ನಡುವಿನವನದು ಮಧ್ಯಮ, ಹಿಂದಿನವನದು ಕಡಿಮೆ. ನಡುವಿನವನು ನೋಡಿದರೆ ಮುಂದಿನವನು ಮುಂದಕ್ಕೆ ದೂರವಾಗುತ್ತಾನೆ, ಹಿಂದಿನವನು ಹಿಂದಕ್ಕೆ ದೂರವಾಗುತ್ತಾನೆ. ಚಂದ್ರನಿಗೆ ಸಮೀಪದ ನೀರು, ಭೂಮಿಯ ಒಡಲು, ಆಚೆ ಬದಿಯ ನೀರು ಇವು ಆ ಮೂವರು ಹುಡುಗರು. ಸೆಳೆತವು ದೂರ ಹೋದಂತೆ ಕುಂದುವುದರಿಂದ ನೀರು ಎರಡೂ ಕಡೆ ಉಬ್ಬುತ್ತದೆ. ಆದುದರಿಂದ ಉಬ್ಬರವನ್ನು ಹುಟ್ಟಿಸುವುದು ಚಂದ್ರನ ಸೆಳೆತಕ್ಕಿಂತ ಹೆಚ್ಚಾಗಿ, ಒಂದು ಕಡೆಗೂ ಇನ್ನೊಂದು ಕಡೆಗೂ ಆ ಸೆಳೆತದಲ್ಲಿರುವ ವ್ಯತ್ಯಾಸ. ಭೂಮಿಯ ವ್ಯಾಸ ಸುಮಾರು 12,700 ಕಿಲೋಮೀಟರು; ಅಷ್ಟು ಅಗಲಕ್ಕೆ ಈ ವ್ಯತ್ಯಾಸ ಕೆಲಸ ಮಾಡುತ್ತದೆ. ಕೆಲವು ಹತ್ತಾರು ಕಿಲೋಮೀಟರು ಉದ್ದದ ನಮ್ಮ ಹಿನ್ನೀರಿನ ಈ ತುದಿಗೂ ಆ ತುದಿಗೂ ಚಂದ್ರನ ಸೆಳೆತ ಒಂದೇ ಎಂದರೂ ಸರಿ. ಸಾಗರದಂತೆ ತೋರುವ ಅಮೆರಿಕದ ಮಹಾಸರೋವರಗಳಲ್ಲಿಯೇ ಉಬ್ಬರವು ಐದು ಸೆಂಟಿಮೀಟರನ್ನು ಮುಟ್ಟುವುದಿಲ್ಲ. ಹುಣ್ಣಿಮೆಯ ಉಬ್ಬರವನ್ನು ಆಲಮಟ್ಟಿಯಲ್ಲಿ ಹುಡುಕಿದರೆ ಗಾಳಿಯೆಬ್ಬಿಸಿದ ಅಲೆಯಷ್ಟೇ ಸಿಕ್ಕೀತು.

ಕಡಲಿನಲ್ಲಾದರೋ ಪಂಚಾಂಗವೇ ಉಬ್ಬರದ ಗಡಿಯಾರ. ಸೂರ್ಯನೂ ಸಮುದ್ರವನ್ನು ಸೆಳೆಯುತ್ತಾನೆ. ಅವನ ಪಾಲು ಚಂದ್ರನ ಪಾಲಿನ ಅರ್ಧಕ್ಕೂ ತುಸು ಕಡಿಮೆ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಇಬ್ಬರೂ ಒಂದೇ ಸಾಲಿಗೆ ಬಂದು ಉಬ್ಬರವನ್ನು ಹಿಗ್ಗಿಸುತ್ತಾರೆ. ಅಷ್ಟಮಿಯ ಆಸುಪಾಸಿನಲ್ಲಿ ಒಬ್ಬರ ಕೆಲಸವನ್ನು ಒಬ್ಬರು ಕೆಡಿಸುತ್ತಾರೆ. ದೊಡ್ಡ ಉಬ್ಬರವು ಸಾಮಾನ್ಯವಾಗಿ ಹುಣ್ಣಿಮೆಯಂದೇ ಬಾರದೆ ಒಂದೆರಡು ದಿನ ತಡವಾಗಿ ಬರುತ್ತದೆ. ನಾನು ದಿಬ್ಬವೇರಿದ್ದು ಸರಿಯಾಗಿ ಅಂಥ ದಿನದಲ್ಲಿ.

ಇನ್ನು ವೇಳೆ. ಚಂದ್ರನು ದಿನದಿನಕ್ಕೆ ಸರಾಸರಿ ಐವತ್ತು ನಿಮಿಷ ತಡವಾಗಿ ಹುಟ್ಟುತ್ತಾನಷ್ಟೆ. ಉಬ್ಬರವೂ ಅವನ ಬೆನ್ನುಹಿಡಿದು ಅಷ್ಟೇ ತಡವಾಗುತ್ತದೆ. ನಮ್ಮ ಹಿರಿಯರ ಎರಡು ಗಳಿಗೆಯೆಂದರೆ 48 ನಿಮಿಷ. ತಿಥಿಗೆ ಎರಡು ಗಳಿಗೆಯಂತೆ ಕೂಡುತ್ತ ಹೋದರೆ ಹದಿನೈದು ತಿಥಿಗೆ ಮೂವತ್ತು ಗಳಿಗೆ, ಎಂದರೆ ಹನ್ನೆರಡು ತಾಸು. ಗಡಿಯಾರ ಒಂದು ಸುತ್ತು ಮುಗಿಸಿ ಮೊದಲಿನ ಜಾಗಕ್ಕೆ ಬಂದಿರುತ್ತದೆ. ಇಷ್ಟು ಚೆಲುವಾದ ಲೆಕ್ಕವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಅಮಾವಾಸ್ಯೆಯ ದಿನ ತುಂಬು ಉಬ್ಬರ ಎಷ್ಟು ಗಂಟೆಗೆಂಬುದನ್ನು ಆಯಾ ಊರಿನಲ್ಲಿ ಒಮ್ಮೆ ನೋಡಿ ತಿಳಿದುಕೊಂಡರಾಯಿತು. ಉತ್ತರ ಕನ್ನಡದ ಕಡಲಂಚಿನಲ್ಲಿ ಅದು ಹನ್ನೊಂದು ಗಂಟೆಯ ಆಸುಪಾಸು. ಷಷ್ಠಿಯಂದು ಹನ್ನೆರಡು ಗಳಿಗೆ ಕೂಡಿದರೆ ಸಂಜೆ ನಾಲ್ಕಕ್ಕೆ ಹತ್ತಿರ ತುಂಬು ನೀರು. ಬೆಳಿಗ್ಗೆ ಹತ್ತಕ್ಕೆ ಹತ್ತಿರ ಇಳಿತದ ತುದಿ. ಹೊಳೆಯೊಳಗೆ ಮೇಲಕ್ಕೆ ಹೋದಂತೆ ಇನ್ನೂ ತಡ. ನಿಜಕ್ಕೂ ಈ ತಡ ದಿನದಿನಕ್ಕೆ ಸಮನಲ್ಲ. ಹುಣ್ಣಿಮೆ ಅಮಾವಾಸ್ಯೆಗಳ ಹತ್ತಿರ ಕಡಿಮೆ, ಅಷ್ಟಮಿಯ ಹತ್ತಿರ ಹೆಚ್ಚು. ದಿನದ ಎರಡು ಉಬ್ಬರಗಳ ಎತ್ತರವೂ ಒಂದೇ ಆಗಿರುವುದಿಲ್ಲ. ಖಚಿತವಾದ ಗಳಿಗೆ ಬೇಕೆಂಬವರಿಗೆ ಭಾರತದ ಸರ್ವೇಕ್ಷಣ ಇಲಾಖೆ ವರ್ಷವರ್ಷವೂ ಪ್ರಕಟಿಸುವ ಉಬ್ಬರದ ಕೋಷ್ಟಕಗಳಿವೆ. ಇಂದು ಅವೇ ಅಂಕಿಗಳು ಅಂಗೈಯ ಫೋನಿನಲ್ಲಿಯೂ ದೊರೆಯುತ್ತವೆ. ಆದರೆ ಕೋಷ್ಟಕಕ್ಕೆ ಚಂದ್ರ ಸೂರ್ಯರು ಗೊತ್ತೇ ಹೊರತು ಅಂದಿನ ಗಾಳಿ ಮಳೆಗಳು ಗೊತ್ತಿಲ್ಲವೆಂಬುದನ್ನು ಮರೆಯಬಾರದು.

ಮೀನಿಗೂ ಈ ಗಡಿಯಾರಕ್ಕೂ ಏನು ನಂಟು? ಉಬ್ಬರದ ನೀರು ಕೋಡಿ, ಕೊರಕಲು, ಕಾಂಡ್ಲಾ ಗಿಡಗಳ ಬುಡ ಇವುಗಳನ್ನೆಲ್ಲ ಹೊಕ್ಕಾಗ, ಮೇವನ್ನರಸಿ ಮೀನೂ ಹಿಂದೆ ಹೊಗುತ್ತದೆ. ಇಳಿತ ಶುರುವಾದಾಗ ಆ ಎಡೆಗಳ ಹುಳುಹುಪ್ಪಟೆಯೆಲ್ಲ ನೀರಿನೊಡನೆ ಹೊರಬರುತ್ತವೆ; ದೊಡ್ಡ ಮೀನು ಕೊರಕಲಿನ ಬಾಯಲ್ಲಿ ಕಾದಿರುತ್ತದೆ. ಆದುದರಿಂದ ನೀರು ತಿರುಗುವ ಹೊತ್ತಿನ ಹಿಂದುಮುಂದಿನ ಒಂದೊಂದು ತಾಸು ಬೀಸುಬಲೆಯವನಿಗೂ ಗಾಳದವನಿಗೂ ಬಲು ಬೆಲೆಯುಳ್ಳದ್ದು. ಮೂರನೆಯ ನಾಲ್ಕನೆಯ ತಾಸಿನಲ್ಲಿ ಸೆಳವು ಹೆಚ್ಚಾಗಿ ಬಲೆ ನೆಲಮುಟ್ಟುವ ಮೊದಲೇ ಮಡಚಿಕೊಳ್ಳುತ್ತದೆ. ಗೂಟಕ್ಕೆ ಕಟ್ಟುವ ಚೀಲದಂಥ ಬಲೆಗಾದರೋ ಆ ಸೆಳವೇ ಜೀವಾಳ. ಅಷ್ಟಮಿಯ ಸಪ್ಪೆ ನೀರಿನಲ್ಲಿ ಅದು ಹಸಿದು ಜೋತುಬಿದ್ದಿರುತ್ತದೆ. ಒಂದೇ ಹೊಳೆಯಲ್ಲಿ ಒಬ್ಬನ ಕೆಟ್ಟ ಹೊತ್ತು ಇನ್ನೊಬ್ಬನ ಒಳ್ಳೆಯ ಹೊತ್ತು. ಬೆಳಚು ಹೆಕ್ಕುವ ಹೆಂಗಸರಿಗೆ ಬೇಕಾದದ್ದು ದೊಡ್ಡ ಇಳಿತ. ತಿಂಗಳಿನಲ್ಲಿ ಅವರಿಗೆ ದುಡಿಮೆಯ ದಿನಗಳು ಇಂತಿಷ್ಟೆಂದು ಚಂದ್ರನೇ ಗೊತ್ತುಮಾಡಿರುತ್ತಾನೆ.

ಇನ್ನೊಂದು ಸೋಜಿಗ. ಕಡಲ ನೀರು ಉಪ್ಪಿನಿಂದ ಭಾರವಾದುದು. ಅದು ಸಿಹಿನೀರಿನ ಕೆಳಗೆ ನುಸುಳಿ ಒಳಬರುತ್ತದೆ. ಹೊಳೆ ಇನ್ನೂ ಮೇಲ್ಭಾಗದಲ್ಲಿ ಕಡಲಿನತ್ತ ಹರಿಯುತ್ತಿರುವಾಗಲೇ ತಳದಲ್ಲಿ ಉಬ್ಬರ ಒಳಗೆ ಹೊಕ್ಕಿರಬಹುದು. ತೇಲುವ ಎಲೆಯನ್ನು ನೋಡಿ ನೀರಿನ ದಿಕ್ಕನ್ನು ನಿರ್ಣಯಿಸುವ ನನ್ನಂಥವನಿಗೆ ಇದು ಹೊಳೆಯುವಂತಿಲ್ಲ; ಕೈಯಲ್ಲಿ ಬಲೆಯ ಹಗ್ಗ ಹಿಡಿದವನಿಗೆ, ಕೆಳಗಿನ ಮಣಿಗುಂಡುಗಳು ಯಾವ ಕಡೆ ಎಳೆಯುತ್ತಿವೆಯೆಂಬುದರಿಂದ ತಿಳಿಯುತ್ತದೆ.

ಅಘನಾಶಿನಿಯ ದಂಡೆಗಳಲ್ಲಿ ಗಜನಿಯೆಂಬ ತಗ್ಗುಗದ್ದೆಗಳಿವೆ. ಮಳೆಗಾಲದಲ್ಲಿ ಅಲ್ಲಿ ಕಗ್ಗವೆಂಬ ಭತ್ತ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಗಟ್ಟಿ ಜಾತಿ. ಕೊಯ್ಲಾದ ಮೇಲೆ ಅದೇ ಗದ್ದೆ ಮೀನಿನ ಹೊಲ. ಒಡ್ಡಿನಲ್ಲಿರುವ ಹಲಗೆಯ ಬಾಗಿಲಿಗೆ ಜಂತ್ರಡಿಯೆನ್ನುತ್ತಾರೆ. ಉಬ್ಬರದಲ್ಲಿ ಅದನ್ನು ತೆರೆದರೆ ಸಿಗಡಿಯ ಮರಿಗಳು ನೀರಿನೊಡನೆ ಒಳಬಂದು ಗದ್ದೆಯಲ್ಲಿ ಮೇಯ್ದು ಬೆಳೆಯುತ್ತವೆ; ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಇಳಿತದಲ್ಲಿ ಬಾಗಿಲಿಗೆ ಬಲೆ ಕಟ್ಟಿ ನೀರು ಬಿಟ್ಟರೆ ಬೆಳೆದ ಸಿಗಡಿ ತಾನಾಗಿ ಬಂದು ಬೀಳುತ್ತದೆ. ಕೇರಳದ ಪೊಕ್ಕಾಳಿ ಗದ್ದೆಗಳಲ್ಲಿಯೂ ಇದೇ ಪದ್ಧತಿ. ಹುಟ್ಟು ಹಾಕದೆ, ಬಲೆ ಬೀಸದೆ, ಚಂದ್ರನಿಂದ ದುಡಿಸಿಕೊಳ್ಳುವ ಈ ಬೇಸಾಯವನ್ನು ಕಂಡಾಗ ನಮ್ಮ ಸೀಮೆಯ ಒಕ್ಕಲಿಗನಾಗಿ ನನಗೆ ಅಸೂಯೆಯಾದುದುಂಟು.

ಆದರೆ ಉಬ್ಬರವಿಳಿತದ ತಿಳಿವಳಿಕೆ ಮೀನಿಗಿಂತ ಮೊದಲು ಜೀವಕ್ಕೆ ಬೇಕಾದುದು. ಹೊಳೆ ಕಡಲನ್ನು ಸೇರುವ ಅಳಿವೆಯ ಬಾಯಲ್ಲಿ ಮರಳಿನ ದಿಂಡು ಬೆಳೆದಿರುತ್ತದೆ. ಇಳಿತದಲ್ಲಿ ಹೊಳೆಯ ಸೆಳವು ಹೊರಕ್ಕೆ ಓಡುವಾಗ ಕಡಲಿನ ತೆರೆ ಒಳಕ್ಕೆ ನುಗ್ಗುತ್ತದೆ. ಎದುರುಬದುರಾದ ಎರಡು ನೀರುಗಳ ನಡುವೆ ತೆರೆಯು ಗಿಡ್ಡವಾಗಿ, ಕಡಿದಾಗಿ, ತಲೆಯೊಡೆದು ಬೀಳುತ್ತದೆ. ಬಿಚ್ಚುಕಡಲಿನಲ್ಲಿ ಅಂಜದ ದೋಣಿ ಮನೆಯ ಬಾಗಿಲಲ್ಲಿ ಮಗುಚುವುದು ಇಲ್ಲಿಯೇ. ಬಲ್ಲವರು ಮೀನು ಕೆಡುವುದೆಂಬ ಆತುರವಿದ್ದರೂ ಹೊರಗೇ ನಿಂತು, ನೀರು ತಿರುಗುವವರೆಗೆ ಕಾಯುತ್ತಾರೆ. ಉಬ್ಬರದ ಬೆನ್ನೇರಿ ಒಳಬರುತ್ತಾರೆ. ಹೀಗೆ ಅಳಿವೆಯ ಹೊರಗೆ ತಾಸುಗಟ್ಟಲೆ ನಿಂತ ದೋಣಿಗಳ ಸಾಲನ್ನು ನಾನು ಮೊದಲು ಕಂಡಾಗ, ಸೋಮಾರಿಗಳೆಂದು ಬಗೆದಿದ್ದೆ.

ಇರಲಿ. ನಿಡಗುಂದಿಗೆ ಮರಳೋಣ. ನಿಮ್ಮ ಹಿನ್ನೀರಿಗೆ ಚಂದ್ರನ ಉಬ್ಬರವಿಲ್ಲವೆಂದು ಹುಡುಗನಿಗೆ ಹೇಳಿದೆ. ಆದರೆ ಬೇರೊಂದು ಉಬ್ಬರವಿದೆ, ಅದರ ಒಂದು ಸುತ್ತಿಗೆ ಒಂದು ವರ್ಷ ಎಂದೂ ಹೇಳಿದೆ. 1964ರ ಮೇ 22ರಂದು ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಣೆಕಟ್ಟು ಅದು. ಇಂದು ಜಲಾಶಯಕ್ಕೆ ಅವರದೇ ಹೆಸರು. ತುಂಬಿದಾಗ ನೀರಿನ ಮಟ್ಟ 519.60 ಮೀಟರು, ಸಂಗ್ರಹ 123 ಟಿಎಂಸಿ. ಬೇಸಿಗೆಯ ಕೊನೆಗೆ ಮಟ್ಟವು ಹತ್ತು ಮೀಟರಿನ ಆಸುಪಾಸು ಇಳಿಯುತ್ತದೆ. ಕಾರವಾರದ ದೊಡ್ಡ ಉಬ್ಬರವೂ ಇದರ ಮುಂದೆ ಅಲ್ಪ. ನಮ್ಮ ನೆಲ ಚಪ್ಪಟೆಯಾದುದರಿಂದ ಮಟ್ಟ ಒಂದು ಮೀಟರು ಇಳಿದರೆ ನೀರಂಚು ಎಷ್ಟೋ ಹೊಲಗಳಷ್ಟು ಹಿಂದೆ ಸರಿಯುತ್ತದೆ. ಆಗ ಮುಳುಗಿದ್ದ ಜಾಲಿಯ ಬೊಡ್ಡೆಗಳು, ಹಳೆಯ ಬಾವಿಯ ಕಟ್ಟೆಗಳು, ಬಿಟ್ಟುಬಂದ ಮನೆಗಳ ಗೋಡೆಗಳು ತಲೆಯೆತ್ತುತ್ತವೆ. ಪೂರ್ತಿ ಮುಳುಗಿದಾಗಲೂ ಪೂರ್ತಿ ಎದ್ದಾಗಲೂ ಅವುಗಳಿಂದ ತೊಂದರೆಯಿಲ್ಲ. ಒಂದು ಮೊಳ ನೀರಿನಡಿ ಅಡಗಿರುವಾಗಲೇ ಬಲೆಯನ್ನು ಹರಿಯುವುದೂ ತೆಪ್ಪವನ್ನು ಸೀಳುವುದೂ.

ಈ ಉಬ್ಬರವನ್ನು ತಿರುಗಿಸುವವನು ಚಂದ್ರನಲ್ಲ. ಮಹಾಬಳೇಶ್ವರದ ಮಳೆ, ಕೊಯ್ನೆಯ ಬಾಗಿಲುಗಳು, ಘಟಪ್ರಭೆಯ ಪೂರ, ಆಲಮಟ್ಟಿಯ ಬಾಗಿಲುಗಳು. ಹುಡುಗನಿಗೆ ನಾನು ಒತ್ತಿ ಹೇಳಿದ್ದು ಇದನ್ನೇ. ಮಲ್ಪೆಯಲ್ಲಿ ಬೇಕಾದದ್ದು ಪಂಚಾಂಗ. ಇಲ್ಲಿ ಬೇಕಾದದ್ದು ಮಳೆಗಾಲದಲ್ಲಿ ದಿನಪತ್ರಿಕೆಗಳು ಕೊಡುವ ಜಲಾಶಯದ ಮಟ್ಟ, ಒಳಹರಿವು, ಹೊರಹರಿವಿನ ಅಂಕಿಗಳು. ಒಳಹರಿವು ಜಿಗಿಯಿತೆಂದರೆ ನಡುಗಡ್ಡೆಯಲ್ಲಿ ರಾತ್ರಿ ತಂಗಬಾರದು. ಹೊರಹರಿವು ಹೆಚ್ಚಿಸಿದರೆಂದರೆ ಆಣೆಕಟ್ಟಿನ ಕೆಳಗಿನ ಮಡುಗಳಲ್ಲಿ ಇಳಿಯಬಾರದು. ಹೊಸನೀರಿಗೆ ಮೀನು ಎದುರೇರುವುದು ನಿಜ, ಬಲೆ ತುಂಬುವುದೂ ನಿಜ; ಆದರೆ ಅವು ಮೊಟ್ಟೆ ಹೊತ್ತ ಮೀನುಗಳು. ಅಂದು ಹಿಡಿದುದಕ್ಕೆ ಮುಂದಿನ ವರ್ಷ ಲೆಕ್ಕ ಕೊಡಬೇಕಾಗುತ್ತದೆ. ಕಾರವಾರದಿಂದ ಮಂಗಳೂರಿನವರೆಗೆ ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳು ದಡದಲ್ಲಿ ನಿಲ್ಲುವುದು ಇದೇ ಕಾರಣಕ್ಕೆ.

ಅವನು ಎಲ್ಲವನ್ನೂ ಕೇಳಿ, “ಅಂದ್ರ ನೀರು ಏರೂದು ಇಲ್ಲಿ ಮುಗಲ ನೋಡಿದ್ರ ತಿಳಿಯಂಗಿಲ್ಲ ಅಂತೀರಿ” ಎಂದ. ಹೌದೆಂದೆ. ಅಘನಾಶಿನಿಯ ಕೋಲಿನ ಕಥೆಯನ್ನೂ ಹೇಳಿದೆ. ನನ್ನ ಹೆಗಲ ಮೇಲಿದ್ದ ಹುಡುಗನ ಕಾಲುಗಳು ನಡುಗುತ್ತಿದ್ದುದನ್ನೂ ಮುಚ್ಚಿಡಲಿಲ್ಲ.

ಮುಂದಿನ ಜುಲೈಯಲ್ಲಿ ಒಂದು ದಿನ ನಾನು ಹಿನ್ನೀರಿನ ಕಡೆ ಹೋಗಿದ್ದೆ. ಅವನು ದಡದಲ್ಲಿ ಉದ್ದನೆಯ ಬಿದಿರಗಳವೊಂದನ್ನು ನೆಟ್ಟು, ಗೇಣಿಗೊಂದು ಸುಣ್ಣದ ಗೆರೆ ಎಳೆದಿದ್ದ. ಹಗಲಿಗೆ ಮೂರು ಸಲ ನೋಡುತ್ತೇನೆ, ಒಂದು ಸಲದ ಏರಿಕೆಯನ್ನು ನಂಬುವುದಿಲ್ಲ ಎಂದ. ಆ ದಿನ ಬೆಳಗಿನಿಂದ ಮಧ್ಯಾಹ್ನದೊಳಗೆ ಎರಡು ಗೆರೆಗಳು ಮುಳುಗಿದ್ದವು. ತೆಪ್ಪವನ್ನು ಮೇಲಕ್ಕೆಳೆದು ಬೋರಲು ಹಾಕಿದ್ದ. ನಿಡಗುಂದಿಯ ಮೇಲೆ ಒಂದು ಮೋಡವೂ ಇರಲಿಲ್ಲ.